ವಿಡಿಯೊ ನೋಡಲೂ ಮುಯ್ಯಾಳು

ಗೆಳೆಯರೇ, ಇವತ್ತಿನ ನನ್ನ ಆನ್‌ಲೈನ್ ತರಗತಿಯ ಕಥೆ ಕೇಳಿ. ಹತ್ತು ನಿಮಿಷದ ವಿಡಿಯೊ ನೋಡಿಕೊಂಡೇ ಗುಂಪು ಚರ್ಚೆಗೆ ಬನ್ನಿ ಎಂದು ವಾರದಿಂದ ಬಡಿದುಕೊಂಡಿದ್ದೆ. ಮುಶಿಗೇರಿಯ ನಾಲ್ವರು ವಿದ್ಯಾರ್ಥಿನಿಯರ ಗುಂಪಿನಲ್ಲಿ ಬಂದವರು ಮೂವರು. ಒಬ್ಬಳೂ ನೋಡಿರಲಿಲ್ಲ.

“ಈ ವಾರ ಗಿರಿಜಾಂದು ಪಾಳಿ ಐತ್ರಿ ಮೇಡಂ,” ಎಂದಳು ಸಾವಿತ್ರಿ. “ಎಲ್ಲಾರ ಸಲುವಾಗಿ ಅಕೀನ ನೋಡ್ಯಾಳ. ಮುಂದಿನ ವಾರ ನಾ ನೋಡ್ತೀನಿ. ಇವತ್ತ ಅವರ ಹೊಲಕ್ಕ ನಾವು, ನಾಳಿ ನಮ್ಮ ಹೊಲಕ್ಕ ಅವರು ಮುಯ್ಯಾಳು ಹೋಗ್ತೀವಲ್ರಿ, ಹಂಗ.”

“ಸರಿ, ಆ ಗಿರಿಜಾ ಎಲ್ಲಿ?”

“ನನಗ ಕ್ಲಾಸ್ ಇತ್ತಲ್ರಿ. ನನ್ನ ಬದ್ಲಿ ನಮ್ಮ ಹೊಲದಾಗ ಕಸಾ ತೆಗಿಯಾಕ ಹೋಗ್ಯಾಳ.”

ನೋಡದ ಮೂವರೊಂದಿಗೆ ಮುಕ್ಕಾಲು ಗಂಟೆ ಚರ್ಚೆ ಮಾಡಿದವಳು ನಾನೊಬ್ಬಳೇ. ಹಾಜರಿಯನ್ನೂ ಒಬ್ಬಳಿಗೇ ಹಾಕಿದ್ದೇನೆ, ಹೊಲದಲ್ಲಿದ್ದವಳಿಗೆ.