ಕಾಲುವೆಯ ಆಚೆ ದಂಡೆಗೆ ಕೇಳುವಂತೆ

ನನ್ನ ದನಿ ಚಿಕ್ಕಂದಿನಿಂದಲೂ ಸಣ್ಣದು. ಮಸ್ಕಿಯ ಬಜಾರಿನಲ್ಲಿ ಬಟ್ಟೆ ಅಂಗಡಿಯೊಂದರ ಕಟ್ಟೆಯ ಮೇಲೆ ಅಪ್ಪ ಹೊಲಿಗೆ ಮಷೀನು ಹಾಕಿಕೊಂಡಿದ್ದರು. ಊಟಕ್ಕೆ ಕರೆಯಲು ಹೋದಾಗ ಅಕ್ಕಂದಿರು ದೂರದಿಂದಲೇ ಕೂಗುತ್ತಿದ್ದರು. ನಾನು ಮಾತ್ರ ಹತ್ತಿರ ಹೋಗಿ ಅಪ್ಪನ ಭುಜ ಮುಟ್ಟಿ ನಿಲ್ಲುತ್ತಿದ್ದೆ. ಮಷೀನಿನ ಸದ್ದಿನಲ್ಲಿ ನನ್ನ ಮಾತು ಅವರ ಕಿವಿಗೆ ಬೀಳುತ್ತಲೇ ಇರಲಿಲ್ಲ. ಇಂಥ ಹುಡುಗಿ ಶಿಕ್ಷಕಿಯಾಗಬೇಕೆಂದು ಮನೆಯಲ್ಲಿ ಮೊದಲು ಹೇಳಿದವರೂ ಅವರೇ.

ಲಿಂಗಸುಗೂರಿನಲ್ಲಿ ಪಿಯುಸಿ ಮುಗಿಸಿ ಬಂದ ಬೇಸಿಗೆ ಅದು. ಎಂಬತ್ತರ ದಶಕ ಅರ್ಧ ದಾಟಿತ್ತು. ಪ್ಯಾಂಟು ಹೊಲಿಸಲು ಬಂದಿದ್ದ ಮಾಸ್ತರರೊಬ್ಬರ ಬಾಯಿಂದ ಅಪ್ಪ ಎಲ್ಲವನ್ನೂ ಕೇಳಿ ತಿಳಿದುಕೊಂಡಿದ್ದರು: ಟಿಸಿಎಚ್ ಅಂತ ಎರಡು ವರ್ಷದ ತರಬೇತಿ ಇದೆ, ಅಂಕ ಚೆನ್ನಾಗಿದ್ದರೆ ಸೀಟು ಸಿಗುತ್ತದೆ, ಪಾಸಾದ ಮೇಲೆ ಸರಕಾರ ಕರೆದಾಗ ಹೋಗಬೇಕು. ಆ ರಾತ್ರಿ ಊಟಕ್ಕೆ ಕುಳಿತಾಗ ಅವ್ವನಿಗೆ ಇದನ್ನೆಲ್ಲ ಹೇಳಿದರು. ಅವ್ವ ನನ್ನ ಕಡೆ ನೋಡಿ, ಇವಳು ಮನೆಯಲ್ಲಿ ಉಪ್ಪು ಕೇಳಿದರೂ ಪಕ್ಕದಲ್ಲಿದ್ದವರಿಗೆ ಕೇಳುವುದಿಲ್ಲ, ಐವತ್ತು ಮಕ್ಕಳನ್ನು ಹೇಗೆ ಸಂಭಾಳಿಸುತ್ತಾಳೆ ಎಂದಳು. ಅದನ್ನು ಅವರೇ ಕಲಿಸುತ್ತಾರೆ ಎಂದು ಅಪ್ಪ ರೊಟ್ಟಿ ಮುರಿದರು.

ಸೀಟು ಸಿಕ್ಕಿದ್ದು ಸಿಂಧನೂರಿನಲ್ಲಿ. ಅಲ್ಲಿ ಇಬ್ಬರು ಗೆಳತಿಯರ ಜೊತೆ ಒಂದು ಕೋಣೆ ಹಿಡಿದೆ. ತರಬೇತಿಗೆ ಹೋಗುವಾಗ ನೀಲಿ ಅಂಚಿನ ಬಿಳಿ ಸೀರೆ ಉಡಬೇಕಿತ್ತು. ಸಿಂಧನೂರಿನ ಧೂಳಿಗೆ ಅದು ಮಧ್ಯಾಹ್ನಕ್ಕೇ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು. ಮನೋವಿಜ್ಞಾನ ಓದುವುದು, ರಟ್ಟಿನಲ್ಲಿ ಗಡಿಯಾರ ಮಾಡುವುದು, ಸುರುಳಿ ಬೋರ್ಡಿನ ಮೇಲೆ ಅಕ್ಷರ ಸೊಟ್ಟಗಾಗದಂತೆ ಬರೆಯುವುದು ಎಲ್ಲವೂ ನನಗೆ ಹಿಡಿಸಿತು. ಪಾಠಯೋಜನೆ ಬರೆಯುವುದರಲ್ಲಿ ನಾನೇ ಮುಂದಿದ್ದೆ. ಯಾವ ಪ್ರಶ್ನೆ ಯಾವಾಗ ಕೇಳಬೇಕು, ಚಿತ್ರ ಯಾವಾಗ ತೋರಿಸಬೇಕು ಎಂಬುದನ್ನೆಲ್ಲ ಮೊದಲೇ ಬರೆದಿಟ್ಟುಕೊಂಡು ಹೋಗಬೇಕಿತ್ತು.

ಅಭ್ಯಾಸ ಪಾಠಕ್ಕೆ ನಮ್ಮನ್ನು ಊರಿನ ಶಾಲೆಗಳಿಗೆ ಕಳಿಸುತ್ತಿದ್ದರು. ನನ್ನ ಮೊದಲ ಪಾಠದ ದಿನ ನಮ್ಮ ಉಪನ್ಯಾಸಕರು ಕೊನೆಯ ಸಾಲಿನಲ್ಲಿ ಮಕ್ಕಳ ಪಕ್ಕ ಕುಳಿತರು. ನಾನು ಎಲೆಯ ಭಾಗಗಳನ್ನು ಹೇಳಿಕೊಟ್ಟೆ. ಮುಂದಿನ ಮಕ್ಕಳು ನೋಡುತ್ತಿದ್ದರು, ನಡುವಿನವರು ಪಿಸುಗುಡುತ್ತಿದ್ದರು, ಹಿಂದಿನವರು ತಮ್ಮ ಲೋಕದಲ್ಲಿದ್ದರು. ಗಂಟೆ ಹೊಡೆದ ಮೇಲೆ ಉಪನ್ಯಾಸಕರು ನನ್ನನ್ನು ಬೇವಿನ ಮರದ ಕೆಳಗೆ ಕರೆದರು.

"ತಯಾರಿ ಛಲೋ ಅದ ನಿಮ್ಮದು" ಎಂದರು. "ಆದ್ರ ಹಿಂದ ಕುಂತ ನನಗ ಚಾಕ್‌ಪೀಸಿನ ಸಪ್ಪಳ ಅಷ್ಟ ಕೇಳಸ್ತು ನೋಡ್ರಿ. ನಿಮ್ಮ ಮಾತು ಒಂದೂ ಬರಲಿಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ. ವರ್ಷದ ಕೊನೆಗೆ ಹೊರಗಿನ ಪರೀಕ್ಷಕರು ಬರುತ್ತಾರೆ, ಅವರ ಮುಂದೆ ಹೀಗಾದರೆ ಕಷ್ಟ, ಏನಾದರೂ ಮಾಡಿ ದನಿ ಏರಿಸಿಕೊಳ್ಳಿ ಎಂದು ತಿಳಿಸಿ ಹೇಳಿದರು. ದನಿಯನ್ನು ಏರಿಸಿಕೊಳ್ಳುವುದು ಹೇಗೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಭಾನುವಾರಗಳಲ್ಲಿ ನಾನು ದಢೇಸುಗೂರಿಗೆ ಹೋಗುತ್ತಿದ್ದೆ. ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ಅಲ್ಲಿದ್ದಳು. ಭತ್ತದ ನಾಟಿಗೆ ಹೆಣ್ಣಾಳುಗಳ ಗುಂಪು ಕಟ್ಟಿಕೊಂಡು ಹೋಗುವವಳು ಅವಳು. ಎರಡು ಗದ್ದೆ ಆಚೆ ಇರುವವಳನ್ನು ನಿಂತ ಜಾಗದಿಂದಲೇ ಮಾತಾಡಿಸುತ್ತಿದ್ದಳು. ನನ್ನ ಕಷ್ಟ ಕೇಳಿ ಬಹಳ ನಕ್ಕಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಬಾ ಎಂದು ಕಾಲುವೆಯ ದಂಡೆಗೆ ಕರೆದುಕೊಂಡು ಹೋದಳು.

ಆಚೆ ದಂಡೆಯ ಗದ್ದೆಯಲ್ಲಿ ಅವಳ ಗುಂಪಿನವರು ಬಾಗಿ ಸಸಿ ನೆಡುತ್ತಿದ್ದರು. ಅವರನ್ನು ಕರೆ ಎಂದಳು. ನಾನು ಕರೆದೆ. ಯಾರೂ ತಲೆ ಎತ್ತಲಿಲ್ಲ. ಮತ್ತೆ ಕರೆದೆ, ಕಾಲುವೆಯ ನೀರಿನ ಸದ್ದಿಗೇ ಅದು ಮುಳುಗಿಹೋಯಿತು.

"ಗಂಟಲಾಗ ಒದರಬ್ಯಾಡ ಬೇ" ಎಂದು ಅತ್ತೆ ನನ್ನ ಹೊಟ್ಟೆಯ ಮೇಲೆ ಅಂಗೈ ಒತ್ತಿದಳು. "ಇಲ್ಲಿಂದ ತಗಿ. ನೀ ಸಾಲ್ಯಾಗ ಏನ್ ಹೇಳ್ತಿ, ಅದನ್ನ ಹೇಳು."

ನನಗೆ ಬಾಯಿಗೆ ಬಂದದ್ದು ಅದೇ ಎಲೆಯ ಪಾಠ. ಎಲೆಗೆ ತೊಟ್ಟು ಇರುತ್ತದೆ, ಎಲೆಗೆ ನರ ಇರುತ್ತದೆ ಎಂದು ಕಾಲುವೆಯ ಆಚೆಗೆ ಕೂಗತೊಡಗಿದೆ. ಎರಡನೇ ಭಾನುವಾರವೋ ಮೂರನೆಯದೋ, ಆಚೆಯಿಂದ ಒಬ್ಬಳು ಸೊಂಟ ನೆಟ್ಟಗೆ ಮಾಡಿಕೊಂಡು, ಹೌದು ಇರ್ತದ, ಮುಂದ ಹೇಳು ಎಂದು ಉತ್ತರ ಕೊಟ್ಟಳು. ಅತ್ತೆಗೆ ಆದ ಸಂತೋಷ ನನಗೂ ಆಗಿರಲಿಲ್ಲ. ಅಂದಿನಿಂದ ಆ ಗದ್ದೆಯವರಿಗೆ ನನ್ನ ಪಾಠವೆಂದರೆ ಒಂದು ಮೋಜು. ಮಳೆ ಹೇಗೆ ಬರುತ್ತದೆ, ನಾಗರಿಕನ ಕರ್ತವ್ಯಗಳು ಯಾವುವು ಎಲ್ಲವೂ ಕಾಲುವೆ ದಾಟಿದವು. ಕೆಲವರು ಬೇಕೆಂದೇ ತಪ್ಪು ಉತ್ತರ ಕೂಗಿ ನಗುತ್ತಿದ್ದರು.

ಪರೀಕ್ಷೆ ಹತ್ತಿರ ಬಂದಾಗ ಉತ್ಸಾಹ ಹೆಚ್ಚಾಗಿ ಒಂದಿಡೀ ಭಾನುವಾರ ಕೂಗಿದೆ. ಸೋಮವಾರ ಬೆಳಗ್ಗೆ ಏಳುವಷ್ಟರಲ್ಲಿ ಗಂಟಲು ಕೂತುಹೋಗಿತ್ತು. ಗೆಳತಿಯರು ಮೆಣಸಿನ ಕಷಾಯ ಮಾಡಿಕೊಟ್ಟರು, ಉಪ್ಪುನೀರು ಮುಕ್ಕಳಿಸಿದೆ, ಏನೂ ಆಗಲಿಲ್ಲ. ಪರೀಕ್ಷೆಯ ದಿನ ನನ್ನಲ್ಲಿ ಉಳಿದಿದ್ದದ್ದು ಬರೀ ಉಸಿರು. ಮೊದಲಿದ್ದ ಸಣ್ಣ ದನಿಯೂ ಹೋಗಿತ್ತು.

ಪಾಠ ಇದ್ದದ್ದು ಸಿಂಧನೂರಿನ ಹೊರಗೆ, ಆಂಧ್ರದಿಂದ ಬಂದ ರೈತರು ನೆಲೆಸಿದ್ದ ಒಂದು ಕ್ಯಾಂಪಿನ ಶಾಲೆಯಲ್ಲಿ. ಮೂರನೇ ತರಗತಿ. ಅರ್ಧ ಮಕ್ಕಳು ಮನೆಯಲ್ಲಿ ತೆಲುಗು ಮಾತಾಡುವವರು. ವಿಷಯ, ಬೀಜ ಮೊಳಕೆಯೊಡೆಯುವುದು. ನೆನೆಹಾಕಿದ ಹೆಸರುಕಾಳು, ಭತ್ತ, ಜೋಳ ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿದ್ದೆ. ಪರೀಕ್ಷಕರು ವಯಸ್ಸಾದವರು, ದಪ್ಪ ಕನ್ನಡಕ. ಬಂದು ಕೊನೆಯ ಸಾಲಿನ ಹಿಂದೆ ಕುರ್ಚಿ ಹಾಕಿಸಿಕೊಂಡರು. ನಮ್ಮ ಉಪನ್ಯಾಸಕರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

ಎರಡು ಮಾತು ಆಡಿ ನೋಡಿದೆ. ಮುಂದಿನ ಸಾಲಿನ ಹುಡುಗಿಗೇ ಕೇಳಲಿಲ್ಲ. ಅಳು ಬಂದಂತಾಯಿತು. ಆಮೇಲೆ ಏನೂ ತೋಚದೆ ಬೋರ್ಡಿನ ಮುಂದೆ ನೆಲದ ಮೇಲೆ ಕುಳಿತುಬಿಟ್ಟೆ. ಒದ್ದೆ ಬಟ್ಟೆಯ ಗಂಟು ಬಿಚ್ಚಿ, ಮಕ್ಕಳಿಗೆ ಕೈಸನ್ನೆ ಮಾಡಿ ಕರೆದೆ. ಅವರು ಒಬ್ಬರ ಮೇಲೊಬ್ಬರು ಬಿದ್ದು ಸುತ್ತ ಬಂದು ಕೂತರು. ಕಾಳೊಂದನ್ನು ಅಂಗೈಯಲ್ಲಿಟ್ಟು ತೋರಿಸಿ, ಇದರೊಳಗಿಂದ ಏನು ಹೊರಗೆ ಬಂದಿದೆ ಎಂದು ಪಿಸುದನಿಯಲ್ಲಿ ಕೇಳಿದೆ. ನಾನು ಪಿಸುಗುಟ್ಟಿದ್ದಕ್ಕೋ ಏನೋ, ಒಂದು ಹುಡುಗಿ ತಾನೂ ಪಿಸುಗುಟ್ಟಿಯೇ "ಮೊಲಕ" ಎಂದಳು. ಅದು ಅವಳ ಮನೆಯ ತೆಲುಗು. ಹೌದು, ನಾವು ಮೊಳಕೆ ಅಂತೀವಿ ಎಂದೆ. ಮಕ್ಕಳು ಎರಡನ್ನೂ ಮೆಲ್ಲಗೆ ಹೇಳಿಕೊಂಡರು. ಇಡೀ ತರಗತಿ ಯಾರೋ ಮಲಗಿರುವ ಮನೆಯಂತೆ ನಿಶ್ಶಬ್ದವಾಗಿತ್ತು, ಆದರೆ ಎಲ್ಲರೂ ಮಾತಾಡುತ್ತಿದ್ದರು. ಒಂದೊಂದು ಕಾಳು ಕೈಯಿಂದ ಕೈಗೆ ಹೋಯಿತು. ಬೇರು ಯಾವುದು, ಚಿಗುರು ಯಾವುದು, ಕಲ್ಲು ಯಾಕೆ ಮೊಳಕೆ ಒಡೆಯುವುದಿಲ್ಲ ಎಂದು ಅವರೇ ಕೇಳತೊಡಗಿದರು.

ನಡುವೆ ಹಿಂದೆ ಕುರ್ಚಿ ಸರಿದ ಸದ್ದಾಯಿತು. ಎದ್ದು ಹೋದರು ಎಂದುಕೊಂಡೆ. ತಲೆ ಎತ್ತಿ ನೋಡಿದರೆ ಪರೀಕ್ಷಕರು ಮಕ್ಕಳ ಹಿಂದೆ ಮೊಣಕಾಲ ಮೇಲೆ ಕೈಯೂರಿ ಬಾಗಿ ನಿಂತು ತಾವೂ ಕೇಳುತ್ತಿದ್ದರು.

ಪಾಠ ಮುಗಿದ ಮೇಲೆ ಈ ಪದ್ಧತಿ ಯಾರದು, ನಿಮ್ಮದೋ ನಿಮ್ಮ ಗುರುಗಳದೋ ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿದ್ದ ಉಪನ್ಯಾಸಕರೇ ಹೇಳಿದರು: "ಪದ್ಧತಿ ಏನಿಲ್ರೀ ಸರ್, ಆಕಿ ಗಂಟಲ ಕುಂತದ."

ಪರೀಕ್ಷಕರು ಮನಸಾರೆ ನಕ್ಕರು. ಫಲಿತಾಂಶ ಬಂದಾಗ ಬೋಧನೆಯಲ್ಲಿ ನಮ್ಮ ತಂಡದಲ್ಲೇ ನನಗೆ ಹೆಚ್ಚಿನ ಅಂಕ ಬಂದಿತ್ತು. ಅತ್ತೆ ಅದನ್ನು ಪೂರ್ತಿ ತನ್ನ ಕಾಲುವೆಯ ಲೆಕ್ಕಕ್ಕೇ ಬರೆದುಕೊಂಡಳು. ನಾನೂ ತಿದ್ದಲು ಹೋಗಲಿಲ್ಲ.

ಪಾಸಾದರೆ ಕೆಲಸ ಬಂದಂತೆ ಎಂದುಕೊಂಡಿದ್ದೆವು. ಹಾಗಾಗಲಿಲ್ಲ. ರಾಯಚೂರಿನ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಹಚ್ಚಿ ಬಂದು ಕಾದೆ. ಆ ವರ್ಷಗಳು ಕೆಟ್ಟವೇನಲ್ಲ. ಹಗಲು ಅಪ್ಪನ ಪಕ್ಕ ಕುಳಿತು ಗುಂಡಿ ಹಚ್ಚುತ್ತಿದ್ದೆ, ಸಂಜೆ ಓಣಿಯ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದೆ. ಮಾಸ್ತರರು ಯಾರೇ ಅಂಗಡಿಗೆ ಬಂದರೂ ಅಪ್ಪ ಅಳತೆ ತೆಗೆಯುತ್ತಲೇ, ಕರೆಯುವ ಸುದ್ದಿ ಏನಾದರೂ ಇದೆಯೇ ಎಂದು ವಿಚಾರಿಸುತ್ತಿದ್ದರು. ಕೊನೆಗೆ ತೊಂಬತ್ತರ ದಶಕದ ಮೊದಲಲ್ಲಿ ಕರೆ ಬಂತು. ಮೂಲ ದಾಖಲೆ ತೋರಿಸಿದೆ, ಸರಕಾರಿ ದವಾಖಾನೆಯಲ್ಲಿ ಕಣ್ಣು, ತೂಕ ಪರೀಕ್ಷೆ ಮಾಡಿಸಿಕೊಂಡೆ. ಆದೇಶ ಕೈಗೆ ಬಂದಾಗ ಊರು ನೋಡಿದೆ: ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಇಳಿದು ಒಳಗೆ ನಡೆಯಬೇಕಾದ ಒಂದು ಹಳ್ಳಿ.

ಕೆಲಸಕ್ಕೆ ಹಾಜರಾಗಲು ಲಿಂಗಸುಗೂರಿನ ಶಿಕ್ಷಣ ಇಲಾಖೆಯ ಕಚೇರಿಗೆ ಹೋದಾಗ ಅಪ್ಪನೂ ಬಂದರು, ತಾವೇ ಹೊಲಿದ ಹೊಸ ಅಂಗಿ ತೊಟ್ಟು. ಗುಮಾಸ್ತರು ಕಾಗದ ನೋಡುತ್ತಿದ್ದಾಗ ಅಪ್ಪ ಮೆಲ್ಲಗೆ, "ಇದು ಪಕ್ಕಾ ಏನ್ರೀ?" ಎಂದು ಕೇಳಿದರು. "ಸರಕಾರದ್ದು ಅದರೀ, ಇನ್ನೇನ್ ಪಕ್ಕಾ ಬೇಕು" ಎಂದರು ಗುಮಾಸ್ತರು. ಅಪ್ಪ ಹೊರಗೆ ಬಂದು ಇಬ್ಬರಿಗೂ ಚಹಾ ಹೇಳಿದರು. ಚಹಾ ಕುಡಿಯುವಷ್ಟು ಹೊತ್ತೂ ಅವರು ರಸ್ತೆ ನೋಡುತ್ತಾ ನಗುತ್ತಿದ್ದರು.

ಶಾಲೆ ಎರಡು ಕೋಣೆಯದು. ಮುಖ್ಯ ಗುರುಗಳು ದೊಡ್ಡ ತರಗತಿಗಳನ್ನು ತಾವಿಟ್ಟುಕೊಂಡು ಒಂದು, ಎರಡನೆಯದನ್ನು ನನಗೆ ಕೊಟ್ಟರು. ಅದು ಮಕ್ಕಳನ್ನು ಸೇರಿಸುವ ಕಾಲ. ಮೊದಲ ದಿನವೇ ಒಬ್ಬ ಅಜ್ಜಿ ಮೊಮ್ಮಗಳನ್ನು ಕೈಹಿಡಿದು ತಂದಳು. ಕುರಿ ಕಾಯುವ ಮನೆಯವರು. ಹುಟ್ಟಿದ ದಿನ ಕೇಳಿದೆ. ಮುಂಗಾರು ಸುರುವಾಗುವ ಹೊತ್ತಿಗೆ ಹುಟ್ಟಿದ್ದಳು, ಮನೆ ಸೋರುತ್ತಿತ್ತು, ಅಷ್ಟೇ ನೆನಪು ಎಂದಳು. ನಾನು ಮುಖ್ಯ ಗುರುಗಳ ಕಡೆ ನೋಡಿದೆ. ಇಂಥವರಿಗೆಲ್ಲ ಜೂನ್ ಒಂದನೇ ತಾರೀಖು ಬರೆಯುವುದು ವಾಡಿಕೆ ಎಂದರು.

ಬರೆದೆ. ಬರೆದದ್ದನ್ನು ಓದಿ ಹೇಳಿದಾಗ ಅಜ್ಜಿಗೆ ಸಮಾಧಾನವಾಗಲಿಲ್ಲ.

"ನಿಂದು ಯಾವ ತಾರೀಖವ್ವಾ?" ಎಂದಳು.

"ನಂದೂ ಜೂನ್ ಒಂದ ಅದ ಅಮ್ಮಾ" ಎಂದೆ. ಅದು ನಿಜವಿತ್ತು, ನನ್ನ ಹುಟ್ಟಿದ ದಿನವನ್ನೂ ಮಸ್ಕಿಯ ಯಾವುದೋ ಮಾಸ್ತರರು ಹೀಗೆಯೇ ಬರೆದಿದ್ದರು.

ಅಜ್ಜಿ ನನ್ನನ್ನೊಮ್ಮೆ, ಮೊಮ್ಮಗಳನ್ನೊಮ್ಮೆ ನೋಡಿದಳು. ಹಾಗಾದರೆ ಇರಲಿ ಎಂದು ಹುಡುಗಿಯ ಕೈಯನ್ನು ನನ್ನ ಕೈಗೆ ಕೊಟ್ಟು, ಹೊಲದ ಕಡೆ ಹೊರಟುಹೋದಳು. ಹುಡುಗಿ ಅಳಲಿಲ್ಲ. ಒಳಗೆ ಹೋಗಿ ಗೋಡೆಯ ಮೇಲಿದ್ದ ಹಕ್ಕಿಯ ಚಿತ್ರದ ಕೆಳಗೆ ಕುಳಿತು, ಇದರ ಹೆಸರೇನು ಎಂದು ಕೇಳಿದಳು.