ಏಳನೆಯ ಸ್ಲೈಡು

ನನ್ನ ಗೆಳತಿ ತೀರಿಕೊಂಡು ಎರಡು ತಿಂಗಳಾದ ಮೇಲೂ ಅವಳ ರಕ್ತ ನಮ್ಮ ಸಂಸ್ಥೆಯ ಫ್ರಿಜ್ಜಿನಲ್ಲಿ, ಕಪ್ಪು ಟೇಪು ಸುತ್ತಿದ ಪೆಟ್ಟಿಗೆಯೊಳಗೆ, ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಪೆಟ್ಟಿಗೆಯ ಮೇಲೆ ತೆರೆಯಬೇಕಾದ ತಾರೀಖನ್ನು ಅವಳೇ ಬರೆದಿದ್ದಳು. ಅದರ ಕೆಳಗೆ ಇನ್ನೊಂದು ಸಾಲು: 'ಮುಂಚೆ ಮುಟ್ಟಿದವರ ಕೈ ಮುರಿಯುತ್ತೇನೆ.' ಪ್ರೊಫೆಸರರೂ ಅದನ್ನು ಓದಿ ಫ್ರಿಜ್ಜಿನ ಬಾಗಿಲು ಮೆಲ್ಲಗೆ ಮುಚ್ಚುತ್ತಿದ್ದರು.

ಆ ಪೆಟ್ಟಿಗೆಯನ್ನು ಮುಚ್ಚಿದ ದಿನ ಏನಾಯಿತೆಂಬುದು ನನಗೊಬ್ಬಳಿಗೇ ಗೊತ್ತಿತ್ತು. ಅವಳ ಮಗಳಿಗೆ ಹೇಳಿರಲಿಲ್ಲ.

ಗೆಳತಿ ಜೀವಶಾಸ್ತ್ರ ವಿಭಾಗದಲ್ಲಿ ಮೂವತ್ತೊಂದು ವರ್ಷ ಲ್ಯಾಬ್ ಟೆಕ್ನೀಷಿಯನ್ ಆಗಿದ್ದಳು. ನಾನು ಕೆಳಗಿನ ಮಹಡಿಯ ಫೋಟೋ ವಿಭಾಗದವಳು. ಡಾರ್ಕ್‌ರೂಮಿನ ಬೀಗದ ಕೈ ನನ್ನ ಬಳಿ ಇರುತ್ತಿತ್ತು. ನಮ್ಮ ಸ್ನೇಹವೆಲ್ಲ ಆ ಕತ್ತಲೆಯಲ್ಲೇ ಬೆಳೆದದ್ದು. ವಿದ್ಯಾರ್ಥಿಗಳು ಅವಳನ್ನು ಕತ್ತಲಕ್ಕ ಎಂದು ಕರೆಯುತ್ತಿದ್ದರು. ಕತ್ತಲಲ್ಲಿ ಏನೂ ಬೀಳಬಾರದೆಂದು ಕೋಟಿನ ಜೇಬುಗಳನ್ನು ಹೊಲಿದುಬಿಟ್ಟಿದ್ದಳು. ಮಿನುಗುವ ಮುಳ್ಳಿನ ಗಡಿಯಾರ ಕಟ್ಟಿದವರನ್ನು ಬಾಗಿಲಲ್ಲೇ ತಡೆಯುತ್ತಿದ್ದಳು. ಒಳಗೆ ಹೋದ ಮೇಲೆ ಒಂದೇ ನಿಯಮ: ಸುಮ್ಮನಿರಬಾರದು. ಮಾತು ನಡೆಯುತ್ತಿದ್ದರೆ ಯಾರು ಎಲ್ಲಿದ್ದಾರೆ, ಯಾರ ಕೈ ಎಲ್ಲಿದೆ ಎಂದು ತಿಳಿಯುತ್ತದೆ. ಅತ್ತೆಯ ಮೇಲಿನ ದೂರು, ಮಗಳ ಹಟ, ಅಡುಗೆಮನೆಯ ಸೋರುವ ನಲ್ಲಿ, ಎಲ್ಲವನ್ನೂ ಅವಳು ಸ್ಲೈಡು ಅದ್ದುತ್ತಲೇ ಹೇಳಿ ಮುಗಿಸುತ್ತಿದ್ದಳು.

ಕೋಶ ಒಡೆದು ಎರಡಾಗುವ ಮೊದಲು ತನ್ನ ಡಿಎನ್ಎಯನ್ನು ನಕಲು ಮಾಡಿಕೊಳ್ಳುತ್ತದಲ್ಲ, ಆ ನಕಲನ್ನು ಕಣ್ಣಿಗೆ ಕಾಣುವಂತೆ ಮಾಡುವುದೇ ಅವಳ ಕಸುಬು. ಹೊಸ ವಿದ್ಯಾರ್ಥಿಗಳನ್ನು ವರಾಂಡದ ತುದಿಯಲ್ಲಿ ನಿಲ್ಲಿಸಿ ಪಾಠ ಶುರುಮಾಡುತ್ತಿದ್ದಳು.

"ಇಷ್ಟುದ್ದ ನೆಲ ಒರೆಸಬೇಕು. ಬ್ಯಾಕ್ಟೀರಿಯಾದ್ದು ಪುಟ್ಟ ಕೋಣೆ, ಒಂದೇ ಕಡೆ ಶುರು ಮಾಡಿದ್ರೂ ಸಾಕು. ನಮ್ಮದು ಹಾಗಲ್ಲ. ನಮ್ಮ ಉದ್ದದ ಎಳೇನ ಒಬ್ಬನೇ ಈ ತುದಿಯಿಂದ ಒರೆಸ್ಕೊಂಡು ಹೋದ್ರೆ ಮೂರು ತಿಂಗಳು ಬೇಕು. ಕೋಶಕ್ಕೆ ಇರೋದು ಏಳೆಂಟು ಗಂಟೆ. ಏನ್ ಮಾಡ್ತೀರಿ?"

"ಜಾಸ್ತಿ ಜನ ಹಾಕ್ತೀವಿ, ಅಕ್ಕ."

"ಹಾಕಿ. ಸಾವಿರಾರು ಕಡೆ ಇಬ್ಬಿಬ್ಬರು. ಬೆನ್ನಿಗೆ ಬೆನ್ನು ಕೊಟ್ಟು ನಿಂತು ಒಬ್ಬ ಆ ಕಡೆ, ಒಬ್ಬ ಈ ಕಡೆ. ಎದುರಿಂದ ಬರೋನು ಸಿಕ್ಕಿದ ಕೂಡಲೇ ನಿಲ್ಲಬೇಕು. ಒರೆಸಿದ ಜಾಗದಲ್ಲಿ ಮತ್ತೆ ಶುರು ಮಾಡೋ ಹಾಗಿಲ್ಲ. ಮಾಡಿದ್ರೆ ಕೋಶ ಕೆಟ್ಟ ಹಾಗೆ."

ಎಳೆ ಎಂದರೆ ನಿಜಕ್ಕೂ ಹೆಣೆದುಕೊಂಡ ಎರಡು ಎಳೆ. ನಕಲಾಗುವಾಗ ಅವು ಬಿಚ್ಚಿಕೊಳ್ಳುತ್ತವೆ. ಒಂದೊಂದು ಹಳೆಯ ಎಳೆಗೂ ಒಂದೊಂದು ಹೊಸ ಎಳೆ ಕೂಡಿಕೊಳ್ಳುತ್ತದೆ. ಎರಡೂ ಎದುರುಬದುರು ದಿಕ್ಕಿನವಾದ್ದರಿಂದ ಒಂದರ ಮೇಲೆ ಕೆಲಸ ತಡೆಯಿಲ್ಲದೆ ಸಾಗುತ್ತದೆ, ಇನ್ನೊಂದರ ಮೇಲೆ ತುಂಡು ತುಂಡಾಗಿ. "ಈ ಎರಡನೆಯೋನು ಎರಡು ಹೆಜ್ಜೆ ಮುಂದಕ್ಕೆ ಹಾರಿ, ಹಿಂದಕ್ಕೆ ಒರೆಸ್ಕೊಂಡು ಬರ್ತಾನೆ. ಆಮೇಲೆ ಇನ್ನೊಬ್ಬ ಬಂದು ತುಂಡುಗಳನ್ನ ಹೊಲೀಬೇಕು. ನಮ್ಮ ಮನೇಲಿ ಆ ಹೊಲಿಯೋ ಕೆಲಸ ನಂದೇ," ಎನ್ನುತ್ತಿದ್ದಳು.

ಈಗ ಇದನ್ನೆಲ್ಲ ಹೊಳೆಯುವ ಬಣ್ಣ ಹಾಕಿ ಕೆಲವೇ ದಿನಗಳಲ್ಲಿ ನೋಡುತ್ತಾರೆ. ಅವಳು ಕಲಿತ ವಿಧಾನ ಹಳೆಯದು. ಕೋಶ ನಕಲು ಮಾಡುತ್ತಿರುವಾಗಲೇ ಅದಕ್ಕೆ ಸಣ್ಣಗೆ ವಿಕಿರಣ ಸೂಸುವ ಕಚ್ಚಾಸಾಮಗ್ರಿ ಉಣಿಸಬೇಕು, ಮೊದಲು ಗಟ್ಟಿಯಾಗಿ, ಆಮೇಲೆ ತೆಳುವಾಗಿ. ನಂತರ ಕೋಶವನ್ನು ಒಡೆದು ಎಳೆಗಳನ್ನು ಗಾಜಿನ ಮೇಲೆ ಹರಡಿ, ಕತ್ತಲಲ್ಲಿ ಆ ಗಾಜನ್ನು ಫೋಟೋ ಎಮಲ್ಷನ್ನಿನಲ್ಲಿ, ಅಂದರೆ ಫಿಲ್ಮಿಗೆ ಬಳಿಯುವ ದ್ರವದಲ್ಲಿ, ಅದ್ದಿ, ಆರು ತಿಂಗಳು ತಣ್ಣಗಿನ ಕತ್ತಲಲ್ಲಿ ಇಡಬೇಕು. ಹೊಸದಾಗಿ ಸೇರಿದ ಭಾಗ ಅಷ್ಟು ದಿನವೂ ತನ್ನ ಪಕ್ಕದ ಎಮಲ್ಷನ್ನಿನಲ್ಲಿ ಒಂದೊಂದೇ ಚುಕ್ಕಿ ಇಡುತ್ತ ಹೋಗುತ್ತದೆ. ನಡುವೆ ಒಮ್ಮೆ ಬೆಳಕು ಬಿದ್ದರೆ ಎಲ್ಲವೂ ಕಪ್ಪು.

ಪಾಠಕ್ಕೆ ಇಟ್ಟಿದ್ದ ಹಳೆಯ ಸ್ಲೈಡುಗಳು ಹಾಳಾಗಿದ್ದವು. ಹೊಸದೊಂದು ಸೆಟ್ಟು ಮಾಡಿಡು ಎಂದು ಪ್ರೊಫೆಸರರು ಕೇಳಿದರು. "ಬೇರೆಯವರ ರಕ್ತ ಅಂದ್ರೆ ಹತ್ತು ಸಹಿ. ನನ್ನದಾದ್ರೆ ಒಂದೇ," ಎಂದು ಅವಳು ಕೋಟಿನ ತೋಳು ಮಡಚಿದಳು.

ಅದ್ದುವ ಮಧ್ಯಾಹ್ನ ಒಳಗೆ ನಾವಿಬ್ಬರೇ ಇದ್ದೆವು. ಹನ್ನೆರಡು ಸ್ಲೈಡು. ಆರು ಮುಗಿಯುವವರೆಗೂ ಅವಳ ನಾಲಿಗೆಗೆ ಬಿಡುವಿರಲಿಲ್ಲ. ಏಳನೆಯದಕ್ಕೆ ಮಾತು ನಿಂತಿತು.

"ಯಾಕೇ ಸುಮ್ಮನಾದೆ?"

ಸ್ಟೂಲು ಎಳೆದ ಸದ್ದು. ಆಮೇಲೆ ಉಸಿರು, ಮೆಟ್ಟಿಲು ಹತ್ತಿ ಬಂದವರ ಉಸಿರಿನ ಹಾಗೆ.

"ಎದೆ ಹಿಡ್ಕೊಂಡಿದೆ. ಗ್ಯಾಸು."

"ಲೈಟ್ ಹಾಕ್ತೀನಿ." ನನ್ನ ಬೆರಳು ಸ್ವಿಚ್ಚಿನ ಮೇಲೇ ಇತ್ತು.

"ಹಾಕಿದ್ರೆ ನಿನ್ನ ಮುಖ ನೋಡಲ್ಲ. ಮೂರು ವಾರದ ಕೆಲಸ ಕಣೇ. ಒಂದ್ ನಿಮಿಷ ಕೂರಕ್ಕೆ ಬಿಡು."

ನಾನು ಬೆರಳು ತೆಗೆದೆ. ಸ್ವಲ್ಪ ಹೊತ್ತಿಗೆ ಅವಳು ಎದ್ದು ಉಳಿದದ್ದನ್ನು ಅದ್ದಿದಳು, ಒಣಗಿಸಿದಳು, ಪೆಟ್ಟಿಗೆಗೆ ಟೇಪು ಸುತ್ತಿದಳು. ಹೊರಗೆ ಬಂದಾಗ ಮುಖ ತೊಳೆದುಕೊಂಡು ಮಾಮೂಲಿನಂತಿದ್ದಳು. "ಮಗಳ ಕಿವಿಗೆ ಹಾಕಿದ್ರೆ ನೋಡು. ಡಾಕ್ಟರು, ಟೆಸ್ಟು ಅಂತ ನನ್ನ ತಲೆ ತಿಂತಾಳೆ." ನಾನು ಹೇಳಲಿಲ್ಲ. ನಾಲ್ಕು ತಿಂಗಳ ನಂತರ ಒಂದು ಬೆಳಗ್ಗೆ, ಬಸ್ ಸ್ಟಾಪಿನಲ್ಲಿ ನಿಂತಲ್ಲೇ ಕುಸಿದಳು. ಹೃದಯ, ಎಂದರು.

ಆಮೇಲೆ ಫಿಲ್ಮ್ ತೆಗೆಯಲು ಫ್ರಿಜ್ಜಿನ ಬಾಗಿಲು ತೆರೆದಾಗಲೆಲ್ಲ ಆ ಪೆಟ್ಟಿಗೆ ಎದುರಿಗೇ ಇರುತ್ತಿತ್ತು. ಒಳಗೆ ಅವಳು ಇನ್ನೂ ಚುಕ್ಕಿ ಇಡುತ್ತಿದ್ದಾಳೆ ಎನಿಸಿ ಕೈ ಹಿಂದಕ್ಕೆ ಬರುತ್ತಿತ್ತು. ಡಾರ್ಕ್‌ರೂಮಿನಲ್ಲಿ ಒಬ್ಬಳೇ ಇದ್ದಾಗಲೂ ಮಾತಾಡುವ ಅಭ್ಯಾಸ ಹೋಗಿರಲಿಲ್ಲ. ಮಾತಿನ ನಡುವೆ ನಿಲ್ಲಿಸಿದರೆ ಸ್ಟೂಲಿನ ಕಡೆಯಿಂದ ಉಸಿರು ಕೇಳುತ್ತಿತ್ತು. ನನ್ನದೇ ಇರಬಹುದು. ಎಷ್ಟೋ ಸಲ ಬೇಗ ಲೈಟು ಹಾಕಿ ನನ್ನದೇ ಫಿಲ್ಮನ್ನು ಕೆಡಿಸಿಕೊಂಡೆ. ಆವತ್ತು ಹಾಕದ ಲೈಟು.

ಗೆಳತಿಯ ಮಗಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ಪೆಟ್ಟಿಗೆಯ ಮೇಲಿದ್ದ ತಾರೀಖಿನ ದಿನ ರಜೆ ಹಾಕಿ ಬಂದಳು. "ಚಿಕ್ಕಮ್ಮ, ನಾನೂ ಒಳಗೆ ಬರ್ತೀನಿ."

"ಬಾ. ಆದರೆ ಬಾಯಿ ಮುಚ್ಚಬಾರದು. ನಿನ್ನ ಕೈ ಎಲ್ಲಿದೆ ಅಂತ ನನಗೆ ಗೊತ್ತಾಗಬೇಕು."

ಬಾಗಿಲು ಹಾಕಿ ಪೆಟ್ಟಿಗೆಯ ಟೇಪು ಬಿಚ್ಚಿದೆ. ಅವಳು ಶುರು ಮಾಡಿದಳು: "ನಿನ್ನೆ ಒಬ್ಬ ತಾತ ಬಂದಿದ್ದ. ಬಸ್ಸಲ್ಲಿ ಪೇಪರ್ ಓದಕ್ಕೆ ಆಗ್ತಿಲ್ಲ ಅಂದ. ಪೇಪರ್ ಸ್ವಲ್ಪ ದೂರ ಹಿಡ್ಕೊಳ್ಳಿ ಅಂದೆ. ಹಿಡ್ಕೊಂಡಿರೋದು ಪಕ್ಕದವನು ಕಣಮ್ಮ ಅಂದ."

ನನಗೆ ನಗು ಬರಲಿಲ್ಲ. ಆ ಕತ್ತಲಲ್ಲಿ ಅದು ಅವಳ ಅಮ್ಮನ ದನಿ. ಮಾತಿನ ಕೊನೆಯನ್ನು ಮೇಲಕ್ಕೆಳೆಯುವುದೂ ಅದೇ, ಸ್ವಂತ ಜೋಕಿಗೆ ಮೂಗಿನಲ್ಲಿ ನಗುವುದೂ ಅದೇ. ಬೆಳಕಿನಲ್ಲಿ ಅವಳು ಅಪ್ಪನ ಹಾಗೆ ಕಾಣುತ್ತಾಳೆ. ಹಾಗಾಗಿ ಇಷ್ಟು ವರ್ಷ ನನಗೆ ಗೊತ್ತೇ ಆಗಿರಲಿಲ್ಲ.

"ಚಿಕ್ಕಮ್ಮ, ಯಾಕೆ ಸುಮ್ಮನಾದ್ರಿ?"

"ಇಲ್ಲೇ ಇದ್ದೀನಿ. ನೀನು ಮಾತಾಡು."

ಡೆವಲಪರ್, ನೀರು, ಫಿಕ್ಸರ್. ಸ್ವಿಚ್ಚು ಹಾಕಿದೆ. ಯಾವುದೂ ಕಪ್ಪಾಗಿರಲಿಲ್ಲ. ಒಣಗಿದ ಮೇಲೆ ಮೈಕ್ರೋಸ್ಕೋಪಿನ ಕೆಳಗಿಟ್ಟು ಅವಳಿಗೆ ಜಾಗ ಬಿಟ್ಟೆ.

"ಸಾಲು ಸಾಲು ಚುಕ್ಕಿ. ಮಧ್ಯೆ ದಟ್ಟವಾಗಿದೆ, ಎರಡೂ ತುದೀಲಿ ತೆಳು ಆಗ್ತಾ ಹೋಗುತ್ತೆ. ಪಕ್ಕದಲ್ಲಿ ಇನ್ನೊಂದು ಹಂಗೇ ಇದೆ."

"ಆ ದಟ್ಟ ಜಾಗದಲ್ಲಿ ಶುರುವಾಗಿ ಎರಡೂ ಕಡೆ ಹೊರಟಿದ್ದು. ಪಕ್ಕದ್ದು ಇನ್ನೊಂದು ಜೋಡಿ."

"ನಡುವೆ ಖಾಲಿ ಇದೆಯಲ್ಲ?"

"ಅವು ಇನ್ನೂ ಸೇರಿರಲಿಲ್ಲ. ಅಷ್ಟರಲ್ಲಿ ನಾವು ನಿಲ್ಲಿಸಿದ್ವಿ."

ಅವಳು ಒಂದೊಂದೇ ಸ್ಲೈಡು ನೋಡುತ್ತ ಬಂದಳು. ಏಳನೆಯದನ್ನು ಬೆಳಕಿಗೆ ಹಿಡಿದು ಓರೆ ಮಾಡಿದಳು. ಗಾಜಿನಲ್ಲಿ ದೋಷ ಹುಡುಕುವುದೇ ಅವಳ ದಿನದ ಕೆಲಸ. "ಇದರಲ್ಲಿ ಒಂದು ಅಲೆ ಇದೆ. ಇಲ್ಲಿ ದಪ್ಪ ಕೂತಿದೆ. ಅಮ್ಮ ಇಂಥದ್ದನ್ನ ಪಾಸ್ ಮಾಡ್ತಿರಲಿಲ್ಲ."

ಎಮಲ್ಷನ್ನಿನಿಂದ ಸ್ಲೈಡನ್ನು ಒಂದೇ ಸಮನೆ ಮೇಲಕ್ಕೆತ್ತಬೇಕು. ಕೈ ನಡುವೆ ನಿಂತರೆ ಹಾಗಾಗುತ್ತದೆ. ಒಣಗಿಸುವಾಗ ಜಾರಿತು ಎನ್ನಬಹುದಿತ್ತು, ಅವಳು ನಂಬುತ್ತಿದ್ದಳು.

ನಾನು ಹೇಳಿದೆ. ಸ್ಟೂಲು, ಉಸಿರು, ಸ್ವಿಚ್ಚಿನ ಮೇಲಿದ್ದ ಬೆರಳು, ಎಲ್ಲವನ್ನೂ.

ಅವಳು ಸ್ಲೈಡನ್ನು ಮೇಜಿನ ಮೇಲಿಟ್ಟಳು. "ನಾಲ್ಕು ತಿಂಗಳು."

"ಹೂಂ."

"ಇದಾದ ಮೇಲೆ ಎಷ್ಟು ಅದ್ದಿದ್ಲು?"

"ಐದು."

"ಎಷ್ಟು ಹೊತ್ತು?"

"ಇಪ್ಪತ್ತು ನಿಮಿಷ ಇರಬಹುದು."

"ಇಪ್ಪತ್ತು ನಿಮಿಷ ಅವಳ ಮುಖ ಹೇಗಿತ್ತು ಅಂತ ನಿಮಗೂ ಗೊತ್ತಿಲ್ಲ."

"ಇಲ್ಲ."

ಅವಳು ಬೈಯಲಿಲ್ಲ. ಏಳನೆಯ ಸ್ಲೈಡನ್ನು ಮೈಕ್ರೋಸ್ಕೋಪಿಗೆ ಏರಿಸಿ, ಕನ್ನಡಕ ತೆಗೆದು ಕಣ್ಣಿಟ್ಟಳು. ಅಲೆ ಇರುವಲ್ಲಿ ಏನೂ ಓದಲಾಗದ ಕಪ್ಪು. ಅದರ ಆಚೆಗೆ ಸಾಲುಗಳು ಮತ್ತೆ ಸ್ಪಷ್ಟವಾಗಿವೆ. ಅದನ್ನು ನಾನು ಆಮೇಲೆ ನೋಡಿದೆ. ಅವಳು ಬಹಳ ಹೊತ್ತು ಏಳಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ದೀಪ ಉರಿಯುತ್ತಿತ್ತು, ಅವಳ ಅರ್ಧ ಮುಖ ನನಗೆ ಕಾಣುತ್ತಿತ್ತು.

ಪಾಠದ ಸೆಟ್ಟಿಗೆ ಹನ್ನೊಂದು ಸ್ಲೈಡು ಸೇರಿವೆ. ಏಳರ ಜಾಗ ಖಾಲಿ. ಆ ಸ್ಲೈಡು ಎಲ್ಲಿ ಹೋಯಿತೆಂದು ಪ್ರೊಫೆಸರರು ಕೇಳಿಲ್ಲ. ಮಗಳು ಆ ದಿನದಿಂದ ನನಗೆ ಫೋನು ಮಾಡಿಲ್ಲ. ಕಳೆದ ವಾರ ಅವಳ ಅಂಗಡಿಯಿಂದ ಒಂದು ಚೀಟಿ ಬಂತು: ನನ್ನ ಕಣ್ಣಿನ ಪರೀಕ್ಷೆಗೆ ಗೊತ್ತುಮಾಡಿದ ದಿನ, ಸಮಯ, ಕೆಳಗೆ ಅವಳ ಕೈಬರಹ. 'ತಪ್ಪಿಸಿದರೆ ಕೈ ಮುರಿಯುತ್ತೇನೆ.'