ಗಿಡವಿಲ್ಲದ ಹಾಳೆ

ನನ್ನ ಬೀರುವಿನಲ್ಲಿ ಬಟ್ಟೆಬರೆಗಿಂತ ಒಣಗಿದ ಗಿಡಗಳೇ ಹೆಚ್ಚು. ದಪ್ಪ ಬಿಳಿ ಹಾಳೆಗೊಂದರಂತೆ ಅಂಟಿಸಿ, ಕೆಳಗಿನ ಮೂಲೆಯಲ್ಲಿ ಹೆಸರು, ಸಿಕ್ಕಿದ ಜಾಗ, ಉಪಯೋಗ, ಸಂಗ್ರಹಿಸಿದವರು ಎಂದೆಲ್ಲ ಬರೆದ ಚೀಟಿ ಹಚ್ಚಿಟ್ಟಿರುವ ಆ ಕಟ್ಟುಗಳನ್ನು ಮನೆಗೆ ಬಂದವರಿಗೆ ಬಹಳ ಗಾಂಭೀರ್ಯದಿಂದಲೇ ತೋರಿಸುತ್ತಾ ಹೋಗುತ್ತೇನೆ. ಮೇಲುಕೋಟೆಯ ಕಟ್ಟು ಬಿಚ್ಚಿದಾಗ ಮಾತ್ರ ಒಂದು ಹಾಳೆಯ ಮೇಲೆ ಅವರ ಕೈ ತಟಕ್ಕನೆ ನಿಂತುಬಿಡುತ್ತದೆ. ಅದರಲ್ಲಿ ಗಿಡವಿಲ್ಲ. ಗಿಡ ಇರಬೇಕಾದ ಜಾಗದಲ್ಲಿ ನಮ್ಮ ಸೋದರತ್ತೆ ಪುಟ್ಟತಾಯಮ್ಮನ ಫೋಟೋ ಇದೆ.

ತೊಂಬತ್ತರ ದಶಕದ ಮಾತು. ಪಾಂಡವಪುರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಪಾಠ ಹೇಳಿಕೊಂಡಿದ್ದ ನನಗೆ, ರಜೆ ಬಂತೆಂದರೆ ಸ್ಕೂಟರ್ ಹತ್ತಿ ನಾಗಮಂಗಲದ ಕುರುಚಲು ಕಾಡು, ಹೇಮಗಿರಿಯ ಹೊಳೆದಂಡೆ, ಮೇಲುಕೋಟೆಯ ಬಂಡೆಸಾಲು ಎಂದು ಅಲೆದು ಈ ಸೀಮೆಯ ಸ್ವಂತ ಗಿಡಮೂಲಿಕೆಗಳನ್ನೆಲ್ಲ ದಾಖಲಿಸುವ ಹುಚ್ಚು. ಸಾಲಾಗಿ ನೀಲಗಿರಿ ನೆಟ್ಟು ಕಾಡು ಬೆಳೆಸಿದೆವೆಂದು ಬೀಗುತ್ತಿದ್ದ ಕಾಲವದು. ಅದರ ನಡುವೆ ಹಳೆಯ ಗಿಡಗಳ ಪರವಾಗಿ ನಿಂತ ಏಕಮಾತ್ರ ವಕೀಲ ನಾನೇ ಎಂಬ ಜಂಭ ನನಗೆ ಸಾಕಷ್ಟಿತ್ತು.

ಒಂದು ಭಾನುವಾರ, ಸೋನೆಮಳೆಯಲ್ಲಿ, ಮೇಲುಕೋಟೆಯ ಬಂಡೆಯೊಂದರ ಬಿರುಕಿನಲ್ಲಿ ಗೇಣುದ್ದದ ಮೂರು ಗಿಡಗಳು ಕಂಡವು. ನನ್ನಲ್ಲಿದ್ದ ಯಾವ ಪುಸ್ತಕದಲ್ಲೂ ಅಂಥ ಎಲೆಯಿಲ್ಲ, ಅಂಥ ಹೂವಿಲ್ಲ. ನಿಮ್ಮ ಮುಂದೆ ಸುಳ್ಳೇಕೆ ಹೇಳಲಿ ಮಹಾರಾಯರೇ, ಬೆಟ್ಟ ಇಳಿಯುವಷ್ಟರಲ್ಲಿ ಲ್ಯಾಟಿನ್ ಬಾಲ ಹಚ್ಚಿಕೊಂಡ ನನ್ನ ಹೆಸರು, ‘ಚಿಕ್ಕಣ್ಣಿಯೈ’ ಎಂದು, ಆ ಗಿಡದ ಹಿಂದೆ ಗಂಭೀರವಾಗಿ ನಿಂತುಬಿಟ್ಟಿತ್ತು. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳಬಾರದೆಂಬ ಮರ್ಯಾದೆ ನಮ್ಮ ಶಾಸ್ತ್ರದಲ್ಲಿ ಇರುವುದರಿಂದ, ನನ್ನ ಪರವಾಗಿ ಅದನ್ನು ಇಡಬೇಕಾದ ಪುಣ್ಯಾತ್ಮ ಯಾರೆಂಬುದನ್ನೂ ದಾರಿಯಲ್ಲೇ ಗೊತ್ತುಮಾಡಿದ್ದೆ. ಹಾಳೆಗೆ ಬೇರಿನಿಂದ ಹೂವಿನವರೆಗೆ ಎಲ್ಲವೂ ಬೇಕಲ್ಲ, ಮೂರನ್ನೂ ಬುಡಸಮೇತ ಕಿತ್ತು ತಂದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ, ತಂಪಿರಲೆಂದು ಅಡುಗೆಮನೆಯ ನೀರಿನ ಕೊಡದ ಪಕ್ಕ ಇಟ್ಟು, ಗಿಡ ಒತ್ತಿಡಲು ಹಳೆಯ ಪೇಪರು ತರಲು ಪೇಟೆಗೆ ಹೋದೆ.

ಬರುವಷ್ಟರಲ್ಲಿ ಹೊಟ್ಟೆ ಚುರುಗುಟ್ಟುತ್ತಿತ್ತು. ನಮ್ಮ ಜೊತೆಯಲ್ಲೇ ಇದ್ದ ಅತ್ತೆ ಬಿಸಿ ಮುದ್ದೆಗೆ ಬೆರಕೆ ಸೊಪ್ಪಿನ ಸಾರು ಬಿಟ್ಟಳು. ಅಣ್ಣೆ, ಕೀರೆ, ಗಣಿಕೆ ಎಂದು ಹೊಲದ ಬದುವಿನಲ್ಲಿ ಸಿಕ್ಕಿದ್ದನ್ನೆಲ್ಲ ಬೆರೆಸಿ ಮಾಡುವ ಆ ಸಾರನ್ನು ಹುಟ್ಟಿದಾಗಿನಿಂದ ಉಂಡವನು ನಾನು. ಆದರೆ ಅವತ್ತಿನ ಘಮವೇ ಬೇರೆ. ಎರಡು ಸಲ ಬಡಿಸಿಕೊಂಡು, ಬೆರಳು ಚೀಪಿ, ಅತ್ತೆಯ ಕೈಗುಣವನ್ನು ಹೊಗಳಿ, ಕೈತೊಳೆದು ಬಂದು ನೋಡಿದರೆ ಕೊಡದ ಪಕ್ಕ ಬಟ್ಟೆಯಷ್ಟೇ ಇತ್ತು.

“ಅತ್ತೆ, ಇಲ್ಲಿಟ್ಟಿದ್ದ ಗಿಡ ಎಲ್ಲಿ?”

“ಈಗ್ತಾನೆ ಎಲ್ಡು ಸಲ ಆಕುಸ್ಕಂಡು ಉಂಡ್ಯಲ್ಲೋ! ಬಂಡೆ ಸೊಪ್ಪು ಕಣ್ಲಾ ಅದು. ನಾನು ಲಂಗ ಉಟ್ಕಂಡು ಓಡಾಡ್ತಿದ್ದಾಗ ತಿಂದಿದ್ದು. ಇನ್ನೂ ಐತಾ ಅದು ಬೆಟ್ಟದ್ಮ್ಯಾಲೆ?”

ಅಯ್ಯೋ ನನ್ನ ಕರ್ಮವೇ! ಜಗತ್ತಿಗೆ ನಾನು ಕೊಡಬೇಕೆಂದಿದ್ದ ಹೊಸ ಸಸ್ಯವನ್ನು ಜಗತ್ತಿಗಿಂತ ಮೊದಲೇ ನಾನೇ ಅರಗಿಸಿಕೊಂಡಿದ್ದೆ. ಹಿತ್ತಲ ತಿಪ್ಪೆಗೆ ಓಡಿ ನೋಡಿದರೆ ಬೇರುಗಳನ್ನು ಕೋಳಿಗಳು ಕೆದಕಿ ಚಿಂದಿ ಮಾಡಿದ್ದವು. ನಾನು ರೇಗುವ ಮೊದಲೇ ಅತ್ತೆ ರೇಗಿದಳು. “ಅಲ್ಲ ಕಣ್ಲಾ, ಬೇರ್‌ಸಮೇತ ಯಾಕ್ ಕಿತ್ತೆ? ಸೊಪ್ಪು ಕುಯ್ಯೋರು ಕುಡಿ ಚಿವುಟ್ತಾರೆ. ಬುಡನೇ ಕಿತ್ಬುಟ್ರೆ ಬರೋ ವರ್ಸ ಏನ್ ತಿಂತೀಯ, ಮಣ್ಣಾ? ಮಕ್ಕಳ್ಗೆ ಪಾಟ ಬೇರೆ ಯೋಳ್ತಾನಂತೆ!”

ಮುಂದಿನ ಭಾನುವಾರ ಮಂಡಿನೋವನ್ನೂ ಲೆಕ್ಕಿಸದೆ ನನ್ನ ಸ್ಕೂಟರಿನ ಹಿಂದೆ ಕೂತು ಅತ್ತೆಯೂ ಬಂದಳು. ಬಂಡೆಬಂಡೆಯನ್ನೂ ತಡಕಿದೆವು; ಮಧ್ಯಾಹ್ನವಾದರೂ ಒಂದೂ ಸಿಗಲಿಲ್ಲ. ಅವಳ ಬಾಲ್ಯದಲ್ಲಿ ಮಡಿಲು ತುಂಬ ಸಿಗುತ್ತಿದ್ದ ಸೊಪ್ಪಂತೆ. ಕೊನೆಯ ಮೂರನ್ನು, ಉಳಿಸುತ್ತೇನೆಂದು ಹೊರಟ ನಾನೇ ಮುಗಿಸಿಬಿಟ್ಟೆನೇ? ಹೆಸರಿನ ಆಸೆಗೆ ನನಗೆ ನಾಚಿಕೆಯಾಯಿತು. ಅಷ್ಟರಲ್ಲಿ ಬಂಡೆಯ ಅಡಿಯಿಂದ ಅತ್ತೆ ಕೂಗಿದಳು: “ಸಿಕ್ತು ಬಾರ್ಲಾ!” ಎರಡೇ ಎಲೆ, ಒಂದೇ ಮೊಗ್ಗು. ಅವಳ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ.

ಆದರೆ ನೋಡಿ, ನಾಚಿಕೆಯೆಂಬುದು ಎಷ್ಟು ಅಲ್ಪಾಯುಷಿ! ನನಗೇ ತಿಳಿಯದಂತೆ ನನ್ನ ಕೈ ಚೀಲದಿಂದ ಚಾಕು ತೆಗೆದಿತ್ತು. ಅತ್ತೆ ಅದನ್ನು ಕಂಡವಳೇ ಗಿಡಕ್ಕೆ ಬೆನ್ನುಕೊಟ್ಟು, ಕಾಲು ಚಾಚಿ ಕೂತುಬಿಟ್ಟಳು.

“ಇದೊಂದು ಸಿಕ್ಕರೆ ನನ್ನ ಹೆಸರು ಪುಸ್ತಕದಲ್ಲಿ ಬರ್ತದೆ ಅತ್ತೆ.”

“ನಿನ್ನೆಸ್ರು ಬರೋಕೆ ಅದ್ರ ವಂಸ ಓಗ್ಬೇಕಾ?”

ಚಾಕು ಒಳಗಿಟ್ಟು, ಫೋಟೋವನ್ನಾದರೂ ತೆಗೆದುಕೊಳ್ಳುತ್ತೇನೆ, ಸ್ವಲ್ಪ ಏಳು ಎಂದು ಗೋಗರೆದೆ. ಕ್ಯಾಮರಾದ ರೋಲಿನಲ್ಲಿ ಒಂದೇ ಒಂದು ಫೋಟೋ ಉಳಿದಿತ್ತು. ಅತ್ತೆಗೆ ನನ್ನ ಮೇಲೆ ನಂಬಿಕೆ ಉಳಿದಿರಲಿಲ್ಲ. “ತೆಗಿಯಂಗಿದ್ರೆ ಇಂಗೇ ತೆಗಿ. ನಾನ್ ಏಳಾಕಿಲ್ಲ,” ಎಂದಳು. ಹಾಗೇ ತೆಗೆದೆ.

ಅತ್ತೆ ತೀರಿಕೊಂಡು ಬಹಳ ವರ್ಷವಾಯಿತು. ಮಳೆಗಾಲದಲ್ಲಿ ಒಬ್ಬನೇ ಹೋಗಿ ಆ ಬಂಡೆಯಡಿ ಬಗ್ಗಿ ನೋಡಿ ಬರುತ್ತೇನೆ. ಈಗ ಅಲ್ಲೊಂದು ಪುಟ್ಟ ಪಾತಿಯೇ ಎದ್ದಿದೆ. ದಾರಿ ಯಾರಿಗೂ ಹೇಳಿಲ್ಲ, ನಿಮಗೂ ಹೇಳುವುದಿಲ್ಲ, ಬೇಸರಪಡಬೇಡಿ. ಹಾಳೆಯ ಚೀಟಿಯಲ್ಲಿ ಹೆಸರಿನ ಜಾಗ ಇನ್ನೂ ಖಾಲಿ. ಉಪಯೋಗ ಎಂಬಲ್ಲಿ ‘ಸಾರು’ ಎಂದು ಬರೆದಿದ್ದೇನೆ, ಅನುಭವದ ಮಾತು.

ಮೊನ್ನೆ ದೊಡ್ಡ ಊರಿನಿಂದ ಬಂದ ಹಿರಿಯ ಸಸ್ಯವಿಜ್ಞಾನಿಯೊಬ್ಬರು ಕನ್ನಡಕ ಏರಿಸಿ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು.

“ಗಿಡ ಎಲ್ರೀ?”

“ನಮ್ಮತ್ತೆಯ ಹಿಂದಿದೆ ಸಾರ್.”

“ಸ್ವಲ್ಪ ಏಳಮ್ಮ ಅನ್ನಬಾರದಿತ್ತೇ?”

“ಅಂದು ನೋಡಿದೆ ಸಾರ್, ಏಳಲಿಲ್ಲ. ಇವತ್ತಿಗೂ ಎದ್ದಿಲ್ಲ.”